ಹುಲ್ಲು ಹದ ಮಾಡಿಕೊಡುವ ಸೇವೆ: ಎರಡು ಗೊಣಬೆಗಳ ಲೆಕ್ಕ

ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಸುತ್ತಿನ ಊರುಗಳಲ್ಲಿ ಗದ್ದೆಗಳು ಒಂದೊಂದಾಗಿ ಅಡಿಕೆ ತೋಟವಾದ ಮೇಲೆ, ಕೊಟ್ಟಿಗೆಯಲ್ಲಿ ಇನ್ನೂ ದನ ಉಳಿಸಿಕೊಂಡವರು ಹುಲ್ಲನ್ನು ದುಡ್ಡು ಕೊಟ್ಟೇ ತರಬೇಕಾಗಿದೆ. ಅಪ್ಪನ ಕಾಲದಲ್ಲಿ ಅಂಗಳದ ಮೂಲೆಯಲ್ಲಿ ಮನೆಯ ಮಾಡಿನೆತ್ತರಕ್ಕೆ ನಿಲ್ಲುತ್ತಿದ್ದ ಗೊಣಬೆ, ಅಂದರೆ ಹುಲ್ಲಿನ ಬಣವೆ, ಈಗ ಇಲ್ಲ. ಸುಗ್ಗಿ ಮುಗಿಯುತ್ತಿದ್ದಂತೆ ಭದ್ರಾ ನಾಲೆಯ ಬಯಲಿನಿಂದಲೋ ಶಿಕಾರಿಪುರ, ಹೊನ್ನಾಳಿ ಕಡೆಯಿಂದಲೋ ಲಾರಿಯಲ್ಲಿ ಬರುವ, ಯಂತ್ರವೇ ಕೊಯ್ದು ಯಂತ್ರವೇ ಸುತ್ತಿದ ಪೆಂಡಿಗಳನ್ನು ಕೊಂಡು ಜೋಡಿಸಿಡುತ್ತೇವೆ. ಹೀಗೆ ದುಬಾರಿಯಾದ ಹುಲ್ಲಿನಿಂದ ಇನ್ನಷ್ಟು ಸತ್ವ ತೆಗೆಯಬಹುದು ಎಂದು ಯಾರಾದರೂ ಹೇಳಿದರೆ ಕಿವಿ ನಿಮಿರುವುದು ಸಹಜ. ಈ ಬೇಸಿಗೆಯಲ್ಲಿ ಹಾಗೆ ಹೇಳಿಕೊಂಡು ಬಂದ ಒಂದು ಸಂಚಾರಿ ಸೇವೆಯನ್ನು ಎರಡು ಸಲ ಕರೆಸಿದೆ. ಅದರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಇಂಥದೇ ಕೆಲಸ ಮಾಡುವ ತಂಡಗಳು ಬೇರೆ ಊರುಗಳಲ್ಲಿ ಎದುರಾದರೆ ಏನನ್ನು ನೋಡಿ ದುಡ್ಡು ಕೊಡಬೇಕು, ಎಲ್ಲಿ ಕೊಡಬಾರದು ಎಂಬುದಷ್ಟೇ ಈ ಬರಹದ ಉದ್ದೇಶ.

ಸೇವೆಯ ಸ್ವರೂಪ ಹೀಗಿದೆ. ಮೂವರು ಹುಡುಗರು ಟ್ರ್ಯಾಕ್ಟರಿಗೆ ಮೇವು ಕತ್ತರಿಸುವ ಯಂತ್ರ ಕಟ್ಟಿಕೊಂಡು ಬರುತ್ತಾರೆ. ಜೊತೆಗೆ 2 ಡ್ರಮ್ಮು, ಒಂದು ಪಂಪು, ದಪ್ಪನೆಯ ತಾಡಪಾಲು ಅವರದೇ. ಯೂರಿಯಾ, ನೀರು ಮತ್ತು ಜಾಗ ನಮ್ಮದು. ಹುಲ್ಲನ್ನು ಕತ್ತರಿಸಿ, ಯೂರಿಯಾ ಕರಗಿಸಿದ ನೀರು ಸಿಂಪಡಿಸಿ, ತುಳಿದು ಒಟ್ಟಿ, ಗಾಳಿಯಾಡದಂತೆ ಮುಚ್ಚಿ ಹೋಗುತ್ತಾರೆ. 3 ವಾರದ ಮೇಲೆ ನಾವು ಬಿಚ್ಚಿ ತಿನ್ನಿಸಬೇಕು, ಹುಲ್ಲು ಮುಗಿದ ಮೇಲೆ ತಾಡಪಾಲನ್ನು ಮರಳಿಸಬೇಕು. ದರ ಕೆ.ಜಿ. ಒಣಹುಲ್ಲಿಗೆ ಎರಡೂವರೆ ರೂಪಾಯಿ. ಅವರು ಕೊಡುವ ಕರಪತ್ರದಲ್ಲಿ ಹುಲ್ಲಿನ ಪ್ರೋಟೀನ್ ದುಪ್ಪಟ್ಟಾಗುತ್ತದೆ, ಹುಲ್ಲು ಉಳಿತಾಯವಾಗುತ್ತದೆ, ಹಿಂಡಿಯ ಖರ್ಚೇ ಇಲ್ಲವಾಗುತ್ತದೆ ಎಂಬ ಮೂರು ಮಾತುಗಳಿವೆ. ಮೊದಲನೆಯದು ನಿಜ, ಎರಡನೆಯದು ಸುಳ್ಳು, ಮೂರನೆಯದರಲ್ಲಿ ಅಲ್ಪಸ್ವಲ್ಪ ಹುರುಳಿದೆ.

ಭತ್ತದ ಹುಲ್ಲು ಹೊಟ್ಟೆ ತುಂಬಿಸುತ್ತದೆಯೇ ಹೊರತು ಮೈ ತುಂಬಿಸುವುದಿಲ್ಲ ಎಂಬುದು ದನ ಕಟ್ಟಿದ ಎಲ್ಲರಿಗೂ ಗೊತ್ತು. ಅದರಲ್ಲಿರುವ ಕಚ್ಚಾ ಪ್ರೋಟೀನ್, ಅಂದರೆ ಸಾರಜನಕವನ್ನು ಅಳೆದು ಅದರ ಆರೂಕಾಲು ಪಟ್ಟು ಎಂದು ಲೆಕ್ಕ ಹಾಕುವ ಪ್ರೋಟೀನ್, ಶೇ. 3ರಿಂದ 4 ಮಾತ್ರ. ದನದ ದೊಡ್ಡ ಹೊಟ್ಟೆಯಲ್ಲಿ ನಾರನ್ನು ಕರಗಿಸುವ ಸೂಕ್ಷ್ಮಜೀವಿಗಳು ಚುರುಕಾಗಿ ಕೆಲಸ ಮಾಡಬೇಕಾದರೆ ಮೇವಿನಲ್ಲಿ ಕನಿಷ್ಠ ಶೇ. 6ರಿಂದ 7ರಷ್ಟಾದರೂ ಪ್ರೋಟೀನ್ ಬೇಕು. ಅದಿಲ್ಲದಿದ್ದರೆ ಹುಲ್ಲು ಹೊಟ್ಟೆಯಲ್ಲಿ ಕರಗದೆ ಬಹಳ ಹೊತ್ತು ಕೂರುತ್ತದೆ, ಹೊಟ್ಟೆ ಖಾಲಿಯಾಗದ ದನ ಮತ್ತೆ ಬಾಯಿ ಹಾಕುವುದಿಲ್ಲ. ನಾರಿನ ಸುತ್ತ ಲಿಗ್ನಿನ್ ಎಂಬ ಮರದಂಥ ಗಡುಸು ವಸ್ತು ಬಿಗಿದುಕೊಂಡಿರುತ್ತದೆ, ಅದರ ಮೇಲೆ ಬೇರೆ ಹುಲ್ಲುಗಳಲ್ಲಿಲ್ಲದಷ್ಟು ಸಿಲಿಕಾ, ಅಂದರೆ ಮರಳಿನಂಥ ಅಂಶ, ಇರುತ್ತದೆ. ಈ ಸಿಲಿಕಾ ದಂಟಿಗಿಂತ ಎಲೆಯಲ್ಲೇ ಹೆಚ್ಚು. ಉಳಿದ ಬೆಳೆಗಳಲ್ಲಿ ಎಲೆ ಮೆತ್ತಗಿದ್ದು ದಂಟು ಗಡುಸಾದರೆ, ಭತ್ತದಲ್ಲಿ ಎಲೆಗಿಂತ ದಂಟೇ ಚೆನ್ನಾಗಿ ಜೀರ್ಣವಾಗುವುದು ಈ ಕಾರಣಕ್ಕೆ. ಕಡೂರು, ತರೀಕೆರೆ ಕಡೆಯಿಂದ ರಾಗಿಹುಲ್ಲು ತಂದವರು ಅದೇ ವಾಸಿ ಎನ್ನುವುದರಲ್ಲೂ ಸತ್ಯವಿದೆ, ಆದರೆ ಸಾಗಣೆ ಸೇರಿದ ಅದರ ಬೆಲೆ ನಮಗೆ ಗಿಟ್ಟುವುದಿಲ್ಲ.

ಯೂರಿಯಾ ಉಪಚಾರದ ತಿರುಳು ಸರಳವಾದದ್ದು. 100 ಕೆ.ಜಿ. ಹುಲ್ಲಿಗೆ 4 ಕೆ.ಜಿ. ಯೂರಿಯಾವನ್ನು ಸುಮಾರು 50 ಲೀಟರ್ ನೀರಿನಲ್ಲಿ ಕರಗಿಸಿ ಬೆರೆಸಿ ಮುಚ್ಚಿಟ್ಟರೆ, ಹುಲ್ಲಿನಲ್ಲಿಯೂ ಮಣ್ಣುಧೂಳಿನಲ್ಲಿಯೂ ಇರುವ ಸೂಕ್ಷ್ಮಜೀವಿಗಳ ಯೂರಿಯೇಸ್ ಎಂಬ ಕಿಣ್ವ ಯೂರಿಯಾವನ್ನು ಅಮೋನಿಯಾ ಆಗಿ ಒಡೆಯುತ್ತದೆ. ಹೊರಹೋಗಲು ದಾರಿಯಿಲ್ಲದ ಆ ಅಮೋನಿಯಾ ಹುಲ್ಲಿನೊಳಗೇ ಇಳಿದು ಲಿಗ್ನಿನ್ನಿನ ಬಿಗಿತವನ್ನು ಅಲ್ಲಲ್ಲಿ ಸಡಿಲಿಸುತ್ತದೆ, ನಾರು ಉಬ್ಬುತ್ತದೆ, ಸಾರಜನಕದ ಒಂದಷ್ಟು ಭಾಗ ಹುಲ್ಲಿಗೇ ಅಂಟಿಕೊಳ್ಳುತ್ತದೆ. ಹೀಗೆ ಕಚ್ಚಾ ಪ್ರೋಟೀನ್ ಶೇ. 7ರಿಂದ 8ರವರೆಗೆ ಏರುತ್ತದೆ, ಜೀರ್ಣವಾಗುವ ಪ್ರಮಾಣವೂ ಹೆಚ್ಚುತ್ತದೆ. ಇಷ್ಟಾದರೂ ಯೂರಿಯಾದಲ್ಲಿ ಸಾರಜನಕ ಶೇ. 46 ಇರುವುದರಿಂದ, ಹಾಕಿದ 4 ಕೆ.ಜಿ.ಯೆಲ್ಲವೂ ಉಳಿದಿದ್ದರೆ ಪ್ರೋಟೀನ್ ಲೆಕ್ಕದಲ್ಲಿ ಹನ್ನೊಂದೂವರೆ ಕೆ.ಜಿ. ಸಿಗಬೇಕಿತ್ತು, ಸಿಗುವುದು 4 ಕೆ.ಜಿ. ಅಂದರೆ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಮಾತ್ರ ಹುಲ್ಲಿನಲ್ಲಿ ನಿಲ್ಲುತ್ತದೆ, ಉಳಿದದ್ದು ಹೊದಿಕೆ ಬಿಚ್ಚಿದ ಕೂಡಲೇ ಗಾಳಿಗೆ ಹೋಗುತ್ತದೆ. ಹೊದಿಕೆ ಹರಿದಿದ್ದರೆ ಮೊದಲೇ ಹೋಗುತ್ತದೆ. ಆದುದರಿಂದ ಈ ಸೇವೆಯಲ್ಲಿ ನಾವು ನಿಜವಾಗಿ ಕೊಳ್ಳುವುದು ತೂಕ, ತುಳಿತ ಮತ್ತು ಮುಚ್ಚಿಗೆ, ಈ ಮೂರನ್ನೇ. ಯೂರಿಯಾ ಯಾರ ಮನೆಯಲ್ಲಾದರೂ ಇರುತ್ತದೆ.

ಫೆಬ್ರವರಿಯಲ್ಲಿ ಮೊದಲ ಸಲ ಬಂದಾಗ ಈ ಮೂರರಲ್ಲಿ ಎರಡು ಕೈಕೊಟ್ಟವು. ಹುಲ್ಲನ್ನು ತೂಗುವುದಿಲ್ಲವೇ ಎಂದು ಕೇಳಿದ್ದಕ್ಕೆ ಅವರಲ್ಲಿ ಹಿರಿಯನಂತಿದ್ದ ಹುಡುಗ, "ಪೆಂಡಿಗೆ 20 ಕೆ.ಜಿ. ಲೆಕ್ಕ ಅಣ್ಣ, ಎಲ್ಲಾ ಕಡೆ ಹಂಗೇ ಮಾಡದು" ಎಂದ. 25 ಪೆಂಡಿಗೆ 500 ಕೆ.ಜಿ. ಎಂದು ಬರೆದುಕೊಂಡು 20 ಕೆ.ಜಿ. ಯೂರಿಯಾ, 250 ಲೀಟರ್ ನೀರು ಬೆರೆಸಿದರು. ಅವರು ಹೋದ ಮೇಲೆ ಸಂಶಯ ಹೋಗದೆ ಉಳಿದ ಪೆಂಡಿಗಳಲ್ಲಿ ನಾಲ್ಕನ್ನು ಅಡಿಕೆ ತೂಗುವ ತಕ್ಕಡಿಗೆ ಹಾಕಿ ನೋಡಿದರೆ ಯಾವುದೂ 15 ಕೆ.ಜಿ. ದಾಟಲಿಲ್ಲ. ಪೆಂಡಿಯ ಬಿಗಿ ಯಂತ್ರದಿಂದ ಯಂತ್ರಕ್ಕೆ, ಹುಲ್ಲಿನ ತೇವದಿಂದ ತೇವಕ್ಕೆ ಬದಲಾಗುತ್ತದೆ. ಲೆಕ್ಕ ಹಾಕಿದರೆ 375 ಕೆ.ಜಿ. ಹುಲ್ಲಿಗೆ 500 ಕೆ.ಜಿ.ಯ ಯೂರಿಯಾ ಬಿದ್ದಿತ್ತು, ಅಂದರೆ ಶೇ. 4ರ ಬದಲು ಶೇ. 5ಕ್ಕಿಂತ ಹೆಚ್ಚು; ನೀರೂ ಅಷ್ಟೇ ಪ್ರಮಾಣದಲ್ಲಿ ಹೆಚ್ಚಾಗಿ ಗೊಣಬೆಯ ಬುಡದಿಂದ ಕಂದುನೀರು ಒಸರತೊಡಗಿತು. ಕೂಲಿಯನ್ನೂ 500 ಕೆ.ಜಿ.ಗೇ ಕೊಟ್ಟಿದ್ದೆ ಎಂಬುದು ಬೇರೆ ಮಾತು.

ತೂಕಕ್ಕಿಂತ ದೊಡ್ಡದಾದ ಇನ್ನೊಂದು ಸಂಗತಿ ಅದೇ ದಿನ ನಡೆಯಿತು. ಅರ್ಧ ಬಕೆಟ್ ಯೂರಿಯಾ ನೀರನ್ನು ಅಂಗಳದ ಕಲ್ಲಿನ ಹತ್ತಿರ ಬಿಟ್ಟು ಹುಡುಗರು ಚಹಾ ಕುಡಿಯಲು ಜಗಲಿಗೆ ಬಂದರು. ದಿನವೂ ಅಕ್ಕಚ್ಚಿನ ಬಕೆಟ್ ಇರುವ ಜಾಗ ಅದು. ಮೇಯಲು ಬಿಟ್ಟಿದ್ದ ನಮ್ಮ ಮಲೆನಾಡು ಗಿಡ್ಡ ತಳಿಯ ಹಸು ಕೆಂಪಿ ನೇರ ಅಲ್ಲಿಗೇ ನಡೆದು ಮೂತಿ ಇಳಿಸುವಷ್ಟರಲ್ಲಿ ಅಮ್ಮ ಒಳಗಿನಿಂದ ಓಡಿಬಂದು ಬಕೆಟ್ಟನ್ನು ಕಾಲಿನಿಂದ ಒದ್ದು ಚೆಲ್ಲಿದರು. "ಇದೆಂಥ ಹುಡುಗಾಟ ಮಾರಾಯ್ರ, ದನ ಸತ್ರೆ ಯಾರು ಕೊಡ್ತೀರಿ?" ಎಂದು ಅವರು ಗದರಿದ್ದಕ್ಕೆ ಹುಡುಗರು ತಲೆ ತಗ್ಗಿಸಿದರು. ಅಮ್ಮನ ಮಾತಿನಲ್ಲಿ ಅತಿಶಯೋಕ್ತಿ ಇರಲಿಲ್ಲ. ರೂಢಿಯಿಲ್ಲದ ದನಕ್ಕೆ ಮೈತೂಕದ ಪ್ರತಿ ಕೆ.ಜಿ.ಗೆ 0.3ರಿಂದ 0.5 ಗ್ರಾಂ ಯೂರಿಯಾ ಒಮ್ಮೆಲೇ ಹೊಟ್ಟೆಗೆ ಹೋದರೆ ವಿಷವಾಗುತ್ತದೆ. ಆ ನೀರಿನ ಪ್ರತಿ ಲೀಟರಿನಲ್ಲಿ 80 ಗ್ರಾಂ ಇತ್ತು. ನೂರಿಪ್ಪತ್ತು ಕೆ.ಜಿ. ತೂಗುವ ಮಲೆನಾಡು ಗಿಡ್ಡಕ್ಕೆ ಒಂದು ಲೀಟರ್ ಕೂಡ ಬೇಕಿಲ್ಲ, ಅದು ಒಂದೆರಡು ಗುಟುಕಿನ ಮಾತು. ಮೈ ನಡುಗುವುದು, ಹೊಟ್ಟೆ ಉಬ್ಬರಿಸುವುದು, ಬಾಯಲ್ಲಿ ನೊರೆ ಬರುವುದು ಅದರ ಲಕ್ಷಣಗಳು. ತಣ್ಣೀರಿನಲ್ಲಿ ವಿನೆಗರ್ ಬೆರೆಸಿ ಕುಡಿಸುವುದು ಪ್ರಥಮ ಚಿಕಿತ್ಸೆ ಎಂದು ಪಶುವೈದ್ಯರು ಹೇಳುತ್ತಾರೆ. ಈ ಕೆಲಸಕ್ಕೆ ಕೈಹಾಕುವವರು ಒಂದೆರಡು ಬಾಟಲಿ ವಿನೆಗರ್ ತಂದಿಟ್ಟುಕೊಳ್ಳುವುದು, 1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶುಚಿಕಿತ್ಸಾ ವಾಹನ ಬರುತ್ತದೆ ಎಂಬುದನ್ನು ಮನೆಯವರಿಗೆಲ್ಲ ಹೇಳಿಡುವುದು ಒಳ್ಳೆಯದು. ಕರಪತ್ರದಲ್ಲಿ ಇದರ ಬಗ್ಗೆ ಒಂದಕ್ಷರವೂ ಇಲ್ಲ, ಮತ್ತು ಸೇವೆಯ ಮೇಲಿನ ನನ್ನ ದೊಡ್ಡ ಆಕ್ಷೇಪ ಇದೇ.

ಮೂರು ವಾರ ಕಳೆದು ಗೊಣಬೆ ಬಿಚ್ಚಿದ ಬೆಳಿಗ್ಗೆ ಅಮೋನಿಯಾದ ಘಾಟು ಅಂಗಳ ದಾಟಿ ಅಡುಗೆಮನೆಗೂ ಹೋಯಿತು. ಕಣ್ಣಲ್ಲಿ ನೀರು ಬಂದು ಹಿಂದೆ ಸರಿದೆ. ಆದರೆ ಒಳಗಿನ ಹುಲ್ಲನ್ನು ಕೈಯಲ್ಲಿ ಹಿಡಿದಾಗ ಬದಲಾವಣೆ ಸುಳ್ಳಲ್ಲ ಎಂಬುದು ಗೊತ್ತಾಯಿತು. ಬಿಳಿಹಳದಿಯಿದ್ದದ್ದು ಜೋನಿಬೆಲ್ಲದ ಬಣ್ಣಕ್ಕೆ ತಿರುಗಿತ್ತು, ಹಿಸುಕಿದರೆ ಗರಿಗರಿ ಎನ್ನದೆ ಹತ್ತಿಬಟ್ಟೆಯಂತೆ ಮಣಿಯುತ್ತಿತ್ತು. ಬಡಗಣ ಮೂಲೆಯಲ್ಲಿ ಮಾತ್ರ ತಾಡಪಾಲಿನ ಹಳೆಯ ತೇಪೆಯೊಂದು ಬಿಟ್ಟುಕೊಂಡು, ಅಲ್ಲಿಂದ ಒಂದು ಮೊಳದಷ್ಟು ಒಳಕ್ಕೆ ಬೂದುಬಣ್ಣದ ಬೂಷ್ಟು ಹಿಡಿದಿತ್ತು. ಅಲ್ಲಿ ಘಾಟೂ ಇರಲಿಲ್ಲ; ಅಮೋನಿಯಾ ಇದ್ದಲ್ಲಿ ಬೂಷ್ಟು ಬೆಳೆಯುವುದಿಲ್ಲ, ಅದು ಹೋದಲ್ಲಿ ತೇವದ ಹುಲ್ಲು ಕೊಳೆಯದೆ ಇರುವುದಿಲ್ಲ. ಸುಮಾರು 30 ಕೆ.ಜಿ.ಯನ್ನು ನೇರ ಗೊಬ್ಬರದ ಗುಂಡಿಗೆ ಹಾಕಿದೆ. ಸ್ವಲ್ಪ ಕೊಡವಿ ಹಾಕಿದರಾಯಿತು ಎಂದು ಹೇಳುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಬೂಷ್ಟು ಹಿಡಿದ ಭತ್ತದ ಹುಲ್ಲು ತಿಂದ ಎಮ್ಮೆಗಳ ಕಿವಿ, ಬಾಲದ ತುದಿ, ಗೊರಸಿನ ಮೇಲ್ಭಾಗ ಕೊಳೆತುಹೋಗುವ ಡೆಗ್ನಾಲ ಎಂಬ ರೋಗ ಉತ್ತರದ ಭತ್ತದ ಸೀಮೆಗಳಲ್ಲಿ ಗೊತ್ತಿರುವಂಥದೇ.

ತಿನ್ನಿಸುವ ಕ್ರಮವನ್ನು ಹುಡುಗರು ಸರಿಯಾಗಿಯೇ ಹೇಳಿಕೊಟ್ಟಿದ್ದರು. ಗೊಣಬೆಯ ಒಂದು ಮಗ್ಗುಲನ್ನು ಮಾತ್ರ ತೆರೆದು ಆ ಹೊತ್ತಿಗೆ ಬೇಕಾದಷ್ಟನ್ನು ತೆಗೆದು ಮತ್ತೆ ಮುಚ್ಚಬೇಕು, ತೆಗೆದದ್ದನ್ನು ಒಂದು ಗಂಟೆಯಾದರೂ ಹರಡಿ ಘಾಟು ಹೋಗಲು ಬಿಡಬೇಕು, ಮೊದಲ ವಾರ ಮಾಮೂಲಿ ಹುಲ್ಲಿನ ಜೊತೆ ಕಾಲುಭಾಗದಿಂದ ಆರಂಭಿಸಿ ಹೆಚ್ಚಿಸುತ್ತ ಹೋಗಬೇಕು, ಆರು ತಿಂಗಳೊಳಗಿನ ಕರುವಿಗೆ ಕೊಡಲೇಬಾರದು. ಆ ಪ್ರಾಯದ ಕರುವಿನ ದೊಡ್ಡ ಹೊಟ್ಟೆ ಇನ್ನೂ ಬಲಿತಿರುವುದಿಲ್ಲ. ನಮ್ಮ ಜೆರ್ಸಿ ಮಿಶ್ರತಳಿ ಮೊದಲ ದಿನ ಮೂಸಿ ತಲೆಯೆತ್ತಿ ನನ್ನನ್ನೇ ನೋಡಿತು. 2015ರಿಂದ ಯೂರಿಯಾಕ್ಕೆಲ್ಲ ಬೇವಿನ ಲೇಪನ ಇರುವುದರಿಂದ ಕಹಿಯಿರಬಹುದೆಂದು ಅನುಮಾನಿಸಿದ್ದೆ, ಆದರೆ ಮೂರನೆಯ ದಿನದ ಹೊತ್ತಿಗೆ ಐದಕ್ಕೆ ಐದೂ ಗೋದಲಿಯ ತಳ ನೆಕ್ಕತೊಡಗಿದವು.

ಮೊದಲ ಗೊಣಬೆ ಮಾರ್ಚ್ ನಡುವಿಗೆ ಮುಗಿದಾಗ ಮತ್ತೆ ಬರೀ ಹುಲ್ಲಿಗೇ ಮರಳಬೇಕಾಯಿತು. ಇದು ನನ್ನ ಸೋಮಾರಿತನದಿಂದ ಆದದ್ದಾದರೂ ಹೋಲಿಕೆಗೆ ಅನುಕೂಲವೇ ಆಯಿತು. ಎರಡು ಕರೆಯುವ ಮಿಶ್ರತಳಿ ಹಸುಗಳು ಸೇರಿ ದಿನಕ್ಕೆ 17 ಲೀಟರ್ ಕೊಡುತ್ತಿದ್ದವು, ಉಪಚರಿಸಿದ ಹುಲ್ಲು ಪೂರ್ತಿ ರೂಢಿಯಾದ ಮೇಲೆ 18 ದಾಟಿತು, ಹುಲ್ಲು ಮುಗಿದ ವಾರದೊಳಗೆ ಮತ್ತೆ 17ಕ್ಕೆ ಇಳಿಯಿತು. ಡೈರಿಯ ಪುಸ್ತಕದಲ್ಲಿ ಇದು ಸಾಲಾಗಿ ಕಾಣುತ್ತದೆ. ಹಸುಗಳು ಕರು ಹಾಕಿ ತಿಂಗಳುಗಳು ಕಳೆದಂತೆ ಹಾಲು ಇಳಿಯುವುದು ಇದ್ದದ್ದೇ. ಆದರೂ ಅದೇ ತಿಂಗಳಲ್ಲಿ ಹೀಗೆ ಏರಿ ಇಳಿದದ್ದನ್ನು ಮೇವಿನ ಲೆಕ್ಕಕ್ಕೇ ಹಾಕುತ್ತೇನೆ.

ಮಾರ್ಚ್ ಕೊನೆಗೆ ಅದೇ ತಂಡವನ್ನು ಕರೆಸಿದೆ. ಈ ಸಲ ತಕ್ಕಡಿಯನ್ನು ಅಂಗಳದ ಮಧ್ಯದಲ್ಲೇ ಕಟ್ಟಿಟ್ಟು, ತೂಗಿದ ಹುಲ್ಲಿಗೆ ಮಾತ್ರ ಹಣವೆಂದು ಮೊದಲೇ ಹೇಳಿದೆ. ಹುಡುಗರು ಮುಖ ಸಿಂಡರಿಸಲಿಲ್ಲ. ಹಿಂದಿನ ಸಲದ ಬೂಷ್ಟಿನ ಚಿತ್ರವನ್ನು ಫೋನಿನಲ್ಲಿ ಕಳಿಸಿದ್ದೆ, ಅದಕ್ಕೆ ಹೊಸ ತಾಡಪಾಲನ್ನೇ ತಂದಿದ್ದರು. 33 ಪೆಂಡಿ ತೂಗಿದಾಗ 500 ಕೆ.ಜಿ. ಆಯಿತು. ನೆಲಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ, 8 ಅಡಿ ಉದ್ದ 6 ಅಡಿ ಅಗಲಕ್ಕೆ ಒಂದೊಂದು ಪದರ ಹರಡಿ, ಪದರಕ್ಕೆ ಇಷ್ಟು ಬಕೆಟ್ ಎಂದು ಎಣಿಸಿ ಸಿಂಪಡಿಸಿ, ಇಬ್ಬರು ಮೇಲೆ ಹತ್ತಿ ಅಂಚಿನಿಂದ ನಡುವಿಗೆ ಸುತ್ತುತ್ತ ತುಳಿದರು. ಅವರ ಕೆಲಸದಲ್ಲಿ ನಾನು ಮನಸಾರೆ ಮೆಚ್ಚಿದ್ದು ಈ ತುಳಿತವನ್ನು. ನಾವಾಗಿ ಮಾಡುವಾಗ ನಡುವನ್ನು ತುಳಿದು ಅಂಚನ್ನು ಬಿಡುತ್ತೇವೆ, ಗಾಳಿ ಉಳಿಯುವುದು ಅಂಚಿನಲ್ಲೇ. ಎದೆಮಟ್ಟ ಬಂದ ಮೇಲೆ ಹೊದಿಸಿ, ಸುತ್ತ ಮಣ್ಣು ಮುಚ್ಚಿ, ಮೇಲೆ ಅಡಿಕೆ ದಬ್ಬೆಗಳನ್ನು ಅಡ್ಡಡ್ಡ ಜೋಡಿಸಿ ಕಲ್ಲು ಹೇರಿದರು. ಔಷಧಿ ಹೊಡೆಯಲು ಬಳಸಿದ ಪಂಪೇ ಎಂದು ಕೇಳಿದ್ದಕ್ಕೆ, ಇದಕ್ಕೆಂದೇ ಬೇರೆ ಇಟ್ಟಿದ್ದೇವೆಂದು ತೋರಿಸಿದರು. ನಮ್ಮಲ್ಲಿ ಎಲ್ಲರ ಮನೆಯಲ್ಲೂ ಇರುವುದು ತೋಟಕ್ಕೆ ಮೈಲುತುತ್ತದ ಬೋರ್ಡೋ ದ್ರಾವಣ ಹೊಡೆಯುವ ಪಂಪು. ಮೈಲುತುತ್ತದ ಅಂಶ ಮೇವಿಗೆ ಸೇರಬಾರದು. ಮನೆಯಲ್ಲೇ ಮಾಡುವವರಿಗೆ ಹೂಗಿಡಕ್ಕೆ ನೀರು ಹಾಕುವ ಝಾರಿಯೇ ಸಾಕು.

21 ದಿನಕ್ಕೆ ಬಿಚ್ಚಿದ ಈ ಎರಡನೆಯ ಗೊಣಬೆ ಮೂಲೆಮೂಲೆಯೂ ಒಂದೇ ಬಣ್ಣವಾಗಿತ್ತು, ಮೊದಲನೆಯದಕ್ಕಿಂತ ಹದವೂ ಚೆನ್ನಾಗಿತ್ತು. ಇದರಲ್ಲಿ ಬಿಸಿಲಿನ ಪಾಲೂ ಇದೆ. ಸೆಖೆಯಲ್ಲಿ ಯೂರಿಯಾ ಬೇಗ ಒಡೆಯುತ್ತದೆ, ಚಳಿಯಲ್ಲಿ ನಿಧಾನ. ಧನುರ್ಮಾಸದ ಚಳಿಯಲ್ಲಿ ಒಟ್ಟಿದರೆ ನಾಲ್ಕು ವಾರ ಬಿಡಬೇಕಾದೀತು, ಮಾರ್ಚ್ ಏಪ್ರಿಲ್‌ನಲ್ಲಿ ಮೂರು ವಾರ ಧಾರಾಳ. ಕರಪತ್ರ ಎಲ್ಲ ಕಾಲಕ್ಕೂ 21 ದಿನ ಎಂದೇ ಹೇಳುತ್ತದೆ.

ಈಗ ಲೆಕ್ಕ. ಮೊದಲು ಐದು ದನಗಳಿಗೆ, ಅಂದರೆ ಎರಡು ಮಿಶ್ರತಳಿ, ಒಂದು ಗಬ್ಬದ ಎಮ್ಮೆ, ಎರಡು ಗಿಡ್ಡಗಳಿಗೆ, ದಿನಕ್ಕೆ 24 ಕೆ.ಜಿ. ಹುಲ್ಲು ಹಾಕಿದರೆ 4 ಕೆ.ಜಿ. ಗೋದಲಿಯಲ್ಲೇ ಉಳಿದು ದನದ ಕಾಲಡಿಗೆ ಹೋಗುತ್ತಿತ್ತು. ಉಪಚರಿಸಿದ ಮೇಲೆ ಒಣತೂಕದ ಲೆಕ್ಕದಲ್ಲಿ 26 ಕೆ.ಜಿ. ಹಾಕಿದರೂ ಉಳಿಯುತ್ತಿರಲಿಲ್ಲ. ಹೊಟ್ಟೆ ಬೇಗ ಖಾಲಿಯಾಗುವುದರಿಂದ ದನ ಹೆಚ್ಚು ತಿನ್ನುತ್ತದೆ, ಉಪಚಾರದ ಲಾಭದ ಬಹುಪಾಲು ಬರುವುದೇ ಈ ಹೆಚ್ಚಿನ ತಿನ್ನುವಿಕೆಯಿಂದ. ಹೀಗಿರುವಾಗ ಹುಲ್ಲು ಉಳಿತಾಯವಾಗುತ್ತದೆ ಎಂಬ ಮಾತಿಗೆ ಅರ್ಥವಿಲ್ಲ. 500 ಕೆ.ಜಿ. ಹುಲ್ಲು ಹಿಂದಾದರೆ 3 ವಾರ ಬರುತ್ತಿತ್ತು, ಈಗ 19 ದಿನಕ್ಕೆ ಮುಗಿಯಿತು. ಹುಲ್ಲಿನ ದಾಸ್ತಾನು ಕಡಿಮೆಯಿರುವವರು ಇದನ್ನು ಮೊದಲೇ ಎಣಿಸಿಕೊಳ್ಳಬೇಕು.

ಹಿಂಡಿಯ ಮಾತನ್ನು ಪರೀಕ್ಷಿಸಲು ಮೊದಲ ಹತ್ತು ದಿನ ಪಶು ಆಹಾರವನ್ನು ಹಿಂದಿನಷ್ಟೇ ಕೊಟ್ಟೆ; ಹಾಲು ಮತ್ತೆ ಒಂದು ಲೀಟರಿನಷ್ಟು ಏರಿತು. ಆಮೇಲಿನ ಒಂಬತ್ತು ದಿನ ಎರಡು ಹಸುಗಳಿಗೂ ಒಂದೊಂದು ಕೆ.ಜಿ. ಕಡಿಮೆ ಮಾಡಿದೆ, ಹಾಲು ಇಳಿದು 17ರಲ್ಲಿ ನಿಂತಿತು, ಅದಕ್ಕಿಂತ ಕೆಳಗೆ ಹೋಗಲಿಲ್ಲ. ಹಾಲಿನ ಏರಿಕೆಯಾದರೂ ಸಿಗುತ್ತದೆ, ಆಹಾರದ ಉಳಿತಾಯವಾದರೂ ಸಿಗುತ್ತದೆ, ಎರಡೂ ಒಟ್ಟಿಗೆ ಸಿಗುವುದಿಲ್ಲ. ಪಶು ಆಹಾರಕ್ಕೆ ಕೆ.ಜಿ.ಗೆ 25 ರೂಪಾಯಿ ಹಿಡಿದರೆ, ಪೂರ್ತಿ 19 ದಿನ ಕಡಿಮೆ ಮಾಡಿದ್ದಲ್ಲಿ 38 ಕೆ.ಜಿ.ಗೆ 950 ರೂಪಾಯಿ ಉಳಿಯುತ್ತಿತ್ತು. ಹಾಲನ್ನೇ ಹಿಡಿದರೆ ಲೀಟರಿಗೆ 35ರಂತೆ 665. ಖರ್ಚಿನ ಕಡೆ ಸೇವೆಗೆ 1,250 ರೂಪಾಯಿ, 45 ಕೆ.ಜಿ. ಚೀಲಕ್ಕೆ 266 ರೂಪಾಯಿ 50 ಪೈಸೆಯಂತೆ 20 ಕೆ.ಜಿ. ಯೂರಿಯಾಕ್ಕೆ 118. ಒಟ್ಟು 1,368. ಒಳ್ಳೆಯ ಕಡೆಯ ಲೆಕ್ಕ ಹಿಡಿದರೂ ನನಗೆ 418 ರೂಪಾಯಿ ಕೈಬಿಟ್ಟಿತು. ಅದೇ ಕೆಲಸವನ್ನು ಮನೆಯವರೇ ಅರ್ಧ ದಿನ ಕೂತು ಮಾಡಿದ್ದರೆ 832 ರೂಪಾಯಿ ಉಳಿಯುತ್ತಿತ್ತು. ಆಳು ಕರೆದು ಮಾಡಿಸಿದರೆ ಇಂದಿನ ಕೂಲಿಯಲ್ಲಿ ಅಲ್ಲಿಂದಲ್ಲಿಗೆ.

ಈ ಲೆಕ್ಕಕ್ಕೆ ಸಿಗದ ಮೂರು ದನಗಳು ಕೊಟ್ಟಿಗೆಯಲ್ಲಿವೆ ಎಂಬುದನ್ನು ಹೇಳದಿದ್ದರೆ ನ್ಯಾಯವಾಗದು. ಗಬ್ಬದ ಎಮ್ಮೆಗೂ ಗಿಡ್ಡಗಳಿಗೂ ನಾವು ಪಶು ಆಹಾರ ಕೊಡುವುದು ಕಡಿಮೆಯೇ. ಪ್ರತಿ ವರ್ಷ ಏಪ್ರಿಲ್ ಬರುವಾಗ ಅವುಗಳ ಪಕ್ಕೆಲುಬು ಎಣಿಸುವಂತಾಗುತ್ತಿತ್ತು, ಈ ವರ್ಷ ಹಾಗಾಗಲಿಲ್ಲ. ಉಪಚರಿಸಿದ ಹುಲ್ಲು ಹೆಚ್ಚು ಹಾಲು ಕರೆಯುವ ಹಸುವಿಗಿಂತ, ಹುಲ್ಲೇ ಮುಖ್ಯ ಮೇವಾಗಿರುವ ಇಂಥ ದನಗಳಿಗೆ ಹೆಚ್ಚು ಒದಗುತ್ತದೆ. ದಿನಕ್ಕೆ ಹದಿನೈದು ಲೀಟರ್ ಕರೆಯುವ ಹಸುವಿಗೆ ಇದರ ಬಲ ಸಾಲದು; ಅಂಥ ಹಸುವಿರುವವರು ಮೆಕ್ಕೆಜೋಳದ ರಸಮೇವಿನ (ಸೈಲೇಜ್) ಕಡೆ ನೋಡುವುದೇ ಸರಿ, ಅದರ ಹತ್ತು ಕೆ.ಜಿ.ಯಲ್ಲಿ ಏಳರಷ್ಟು ನೀರೇ ಎಂಬುದನ್ನು ನೆನಪಿಟ್ಟುಕೊಂಡು ದರ ಚೌಕಾಸಿ ಮಾಡಿದರಾಯಿತು. ನಮ್ಮಂಥ ಮನೆಗಳಿಗೆ ಇನ್ನೊಂದು ಕಾರಣವೂ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆ ಇಂದಿಗೂ ಬೇಸಿಗೆಯ ತಿಂಗಳುಗಳಲ್ಲೇ ಉಣುಗುಗಳ ಮೂಲಕ ಹರಡುತ್ತದೆ. ದನಕ್ಕೆ ಕೊಟ್ಟಿಗೆಯಲ್ಲೇ ಹೊಟ್ಟೆ ತುಂಬುವಂತಿದ್ದರೆ ಆ ದಿನಗಳಲ್ಲಿ ಅವನ್ನು ಕಾಡಿಗೆ ಹೊಡೆಯುವುದು, ಅವುಗಳ ಹಿಂದೆ ನಾವು ತಿರುಗುವುದು ಅಷ್ಟು ಕಡಿಮೆಯಾಗುತ್ತದೆ.

ಯೂರಿಯಾ ಉಪಚಾರದಿಂದ ಹುಲ್ಲಿನ ಎಲ್ಲ ಕೊರತೆಯೂ ತೀರುವುದಿಲ್ಲ. ಭತ್ತದ ಹುಲ್ಲಿನಲ್ಲಿ ಸುಣ್ಣದಂಶ ಕಡಿಮೆ, ಇರುವಷ್ಟನ್ನೂ ಅದರಲ್ಲಿರುವ ಆಕ್ಸಲೇಟ್ ಹಿಡಿದಿಟ್ಟುಕೊಳ್ಳುತ್ತದೆ. ಎ ಜೀವಸತ್ವದ ಮೂಲವಂತೂ ಇಲ್ಲವೇ ಇಲ್ಲ. ಖನಿಜ ಮಿಶ್ರಣವನ್ನು ತಪ್ಪಿಸಬಾರದು, ದಿನಕ್ಕೆ ಒಂದು ಹೊರೆಯಾದರೂ ಹಸಿರು ಬೇಕು. ಬೇಲಿಯ ಗೊಬ್ಬರದ ಗಿಡದ (ಗ್ಲಿರಿಸಿಡಿಯಾ) ಸೊಪ್ಪನ್ನು ಬಾಡಿಸಿ ಹಾಕಿದರೆ ನಮ್ಮ ದನಗಳು ತಿನ್ನುತ್ತವೆ. ಅಡಿಕೆ ಹಾಳೆಯನ್ನು ಕತ್ತರಿಸಿ ಮೇವಾಗಿಸುವ ಅಭ್ಯಾಸವೂ ನಮ್ಮಲ್ಲಿದೆ, ಬೋರ್ಡೋ ಹೊಡೆದ ಮಳೆಗಾಲದ ಹಾಳೆಯನ್ನು ಮಾತ್ರ ಬಿಡಬೇಕು. ಸಿಂಪಡಿಸಿ ಅಂದೇ ತಿನ್ನಿಸುವ ಅಡ್ಡದಾರಿಯನ್ನು ಕೆಲವರು ಹೇಳುತ್ತಾರೆ. ಕಾಕಂಬಿಯ ಜೊತೆ ಅರ್ಧದಷ್ಟು ಯೂರಿಯಾ ಬಳಸಿ ಎಚ್ಚರದಿಂದ ಮಾಡುವ ಆ ಪದ್ಧತಿಯಲ್ಲಿ ಸಾರಜನಕ ಸಿಗುತ್ತದೆಯೇ ಹೊರತು ನಾರು ಸಡಿಲವಾಗುವುದಿಲ್ಲ, ಕೈ ತಪ್ಪಿದರೆ ಅಪಾಯ ಇಲ್ಲಿಗಿಂತ ಹೆಚ್ಚು.

ಹಾಗಾದರೆ ಯಾರು ಈ ಸೇವೆಯನ್ನು ಕರೆಸಬೇಕು? ಹತ್ತಿಪ್ಪತ್ತು ದನವಿದ್ದು ಕೈಯಾಳಿಲ್ಲದವರು ಕರೆಸಬಹುದು. ನಾಲ್ಕಾರು ದನದವರು ಒಂದೇ ಒಂದು ಸಲ, ಕಲಿಯುವ ಸಲುವಾಗಿ ಕರೆಸಿ, ಪಕ್ಕದಲ್ಲೇ ನಿಂತು ತೂಗಿಸಿ, ಹೇಗೆ ತುಳಿಯುತ್ತಾರೆ ಎಂಬುದನ್ನು ನೋಡಿಕೊಂಡರೆ ಕೊಟ್ಟ ಹಣ ದಂಡವಲ್ಲ. ಹುಡುಗರು ಮಾತಿಗೆ ತಪ್ಪುವವರಲ್ಲ, ಹೇಳಿದ ದಿನಕ್ಕೆ ಬರುತ್ತಾರೆ, ತಪ್ಪು ತೋರಿಸಿದರೆ ತಿದ್ದಿಕೊಳ್ಳುತ್ತಾರೆ. ಕರಪತ್ರವನ್ನು ಬರೆದವರು ಕೊಟ್ಟಿಗೆ ಕಂಡವರಲ್ಲವೆಂದು ತೋರುತ್ತದೆ.

ಹುಲ್ಲು ಕತ್ತರಿಸದೆಯೂ ಉಪಚಾರ ಮಾಡಬಹುದಾದರೂ ಕತ್ತರಿಸಿದ್ದು ಚೆನ್ನಾಗಿ ಅದುಮಿಕೊಳ್ಳುತ್ತದೆ, ಗೋದಲಿಯಲ್ಲಿ ಚೆಲ್ಲುವುದೂ ಕಡಿಮೆ. ಆ ಯಂತ್ರ ನಮ್ಮಲ್ಲಿಲ್ಲ. ಆದುದರಿಂದ ಮೂರನೆಯ ಗೊಣಬೆಗೆ ಕತ್ತರಿಸಿಕೊಟ್ಟು ಹೋಗಲು ಎಷ್ಟು ಎಂದು ಕೇಳಿದೆ. ಸ್ವಲ್ಪ ಎಳೆದಾಡಿ ಕೆ.ಜಿ.ಗೆ ಒಂದು ರೂಪಾಯಿಗೆ ಒಪ್ಪಿದ್ದಾರೆ. 500 ಕೆ.ಜಿ.ಗೆ 500 ರೂಪಾಯಿ ಕಳೆದರೂ ನನಗೆ ಮುನ್ನೂರು ಚಿಲ್ಲರೆ ಉಳಿಯುತ್ತದೆ. ರೈತ ಸಂಪರ್ಕ ಕೇಂದ್ರದಿಂದ ಸಹಾಯಧನದಲ್ಲಿ ಬಂದ ತಾಡಪಾಲು ಅಟ್ಟದ ಮೇಲಿದೆ, ತೇಪೆಯಿಲ್ಲದ್ದು. ಮಳೆಗಾಲದಲ್ಲಿ ಇಂಬಳದ (ಜಿಗಣೆಯ) ನಡುವೆ ಹಸಿಹುಲ್ಲು ಕೊಯ್ಯಲಾಗದ ದಿನಗಳಿಗೆಂದು ಈ ಗೊಣಬೆಯನ್ನು ಕೊಟ್ಟಿಗೆಯ ಪಕ್ಕದ ಮಾಡಿನಡಿಯಲ್ಲೇ ಒಟ್ಟುವ ಯೋಚನೆಯಿದೆ. ಕರೆಸುವವರು ಮೇ ಮೂರನೆಯ ವಾರದೊಳಗೆ ದಿನ ಗೊತ್ತುಮಾಡಿಕೊಳ್ಳುವುದು ಲೇಸು. ಮೊದಲ ಮಳೆ ಬಿದ್ದು ಓಣಿ ಕೆಸರಾದ ಮೇಲೆ ಅವರ ಟ್ರ್ಯಾಕ್ಟರ್ ನಮ್ಮಂಥ ಇಳಿಜಾರಿನ ಮನೆಗಳಿಗೆ ಇಳಿಯುವುದಿಲ್ಲ.